ನೀರಿಗೆ ಬಿಟ್ಟ ಹಣ್ಣು

ಹೊಳೆದಂಡೆಯ ಮೇಲೆ ಹಾಲಜ್ಜನ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ನಾಲ್ಕು ಗುಡಿಸಲು, ಒಂದು ಅಡಿಗೆಮನೆ, ಹನ್ನೊಂದು ಮಾವಿನಮರ.

ಅಲ್ಲೇ ಇರುತ್ತೇನೆ ಅಂತ ಬಂದವರು ಒಂದಷ್ಟು ತಿಂಗಳು ಕೆಲಸ ಮಾಡಿಕೊಂಡಿರಬೇಕು. ಕಾರಹುಣ್ಣಿಮೆಯ ದಿನ ಅಜ್ಜ ತಮ್ಮ ಕೈಯಾರೆ ಒಂದು ಮಾವಿನಹಣ್ಣು ಕೊಟ್ಟರೆ ಅವರು ಆಶ್ರಮದವರಾದರು ಅಂತ ಲೆಕ್ಕ. ಮಂತ್ರವಿಲ್ಲ, ದಾರವಿಲ್ಲ. ಕೊಡುವುದು, ತಿನ್ನುವುದು, ಮುಗಿಯಿತು.

ಆದರೆ ಒಂದು ಕಟ್ಟಳೆ ಇತ್ತು. ಆ ಹಣ್ಣು ಕಾಯಾಗಿರಬಾರದು, ಕೊಳೆತಿರಬಾರದು, ಮೈಮೇಲೆ ಒಂದು ಗಾಯವೂ ಇರಬಾರದು.

ಹಣ್ಣಿನ ಕೋಣೆ ನೋಡಿಕೊಳ್ಳುವವನು ಬಕ್ಕೇಶ. ಆರು ವರ್ಷದಿಂದ ಅಜ್ಜನ ಶಿಷ್ಯ. ಬುದ್ಧಿವಂತ. ಬುದ್ಧಿವಂತ ಅಂತ ಅವನಿಗೂ ಗೊತ್ತಿತ್ತು, ಅಲ್ಲೇ ಕೆಟ್ಟಿತ್ತು.

ಒಂದು ವರ್ಷ ಅಜ್ಜ ಕೋಣೆಗೆ ಬಂದು, ಹಣ್ಣಾಗಲಿ ಅಂತ ಕಾಯಿ ಅಡೆ ಹಾಕಿದ್ದ ಹುಲ್ಲು ಸರಿಸಿ ನೋಡಿದರು. ಹಣ್ಣಿನ ಮೈಮೇಲೆ ಒಂದು ಕಪ್ಪು ಮಚ್ಚೆ. ಇನ್ನೊಂದು ಎತ್ತಿದರು, ಅದರ ಮೇಲೂ ಮಚ್ಚೆ.

"ಇದೇನು ರೋಗ?"

"ಅಕಾಲದಲ್ಲಿ ಮಳೆ ಬಿತ್ತಲ್ಲ ಅಜ್ಜಾರೇ, ಅದಕ್ಕೇ."

ಅಜ್ಜ ತಮ್ಮ ಹೆಬ್ಬೆರಳನ್ನು ಮಚ್ಚೆಯ ಮೇಲಿಟ್ಟರು. ಅಚ್ಚುಕಟ್ಟಾಗಿ ಕೂತಿತು.

"ಮಳೆಗೆ ಹೆಬ್ಬೆರಳು ಇರ್ತೈತಾ?"

ಬಾಗಿಲ ಆಚೆ ಅಡಿಗೆಯ ದಾನಮ್ಮ ಕಿಸಕ್ಕನೆ ನಕ್ಕಳು. ಬಕ್ಕೇಶನ ಕಿವಿ ಕೆಂಪಾಯಿತು.

"ಹಣ್ಣಾಗೈತೋ ಇಲ್ಲೋ ನೋಡಬೇಕಲ್ಲ ಅಜ್ಜಾರೇ. ಒತ್ತದೆ ಹೆಂಗೆ ಗೊತ್ತಾಗ್ತೈತೆ?"

"ಎಷ್ಟು ಸಲ ಒತ್ತಿದೆ?"

"ಬೆಳಿಗ್ಗೆ ಒಂದು ಸಲ. ಸಂಜೆ ಒಂದು ಸಲ."

"ಮೆತ್ತಗಿತ್ತಾ?"

"ಮೊದಲನೇ ದಿನ ಇರಲಿಲ್ಲ. ಆಮೇಲಾಮೇಲೆ ಆಯ್ತು."

"ಹಣ್ಣಾಗಿ ಮೆತ್ತಗಾಯ್ತೋ, ನೀನು ಒತ್ತಿ ಮೆತ್ತಗಾಯ್ತೋ?"



ಅಜ್ಜ ಅವನನ್ನು ಮರದ ಕೆಳಗೆ ಕರೆದುಕೊಂಡು ಹೋದರು. ಆಗಷ್ಟೇ ಇಳಿಸಿದ ಎರಡು ಕಾಯಿ ತೆಗೆದು ನೀರು ತುಂಬಿದ ಬಕೆಟ್ಟಿಗೆ ಬಿಟ್ಟರು. ಒಂದು ತಳಕ್ಕೆ ಹೋಗಿ ಕೂತಿತು. ಇನ್ನೊಂದು ತೇಲಿತು.

"ಮುಳುಗಿದ್ದು ಬಲಿತದ್ದು. ತೇಲಿದ್ದು ಎಳಸು. ಅದನ್ನು ಎಷ್ಟು ದಿನ ಹುಲ್ಲಲ್ಲಿಟ್ಟರೂ ಸುಕ್ಕಾಗ್ತೈತೆ ಹೊರತು ಹಣ್ಣಾಗಲ್ಲ."

ಎರಡನ್ನೂ ಮೇಲೆತ್ತಿ ಪಂಚೆಯಂಚಿನಲ್ಲಿ ಒರೆಸಿದರು. ತೇಲಿದ್ದನ್ನು ಉಪ್ಪಿನಕಾಯಿಗೆ ಅಂತ ದಾನಮ್ಮನ ಕಡೆ ಎಸೆದರು.

"ಅಡೆ ಹಾಕಿದ ಮೇಲೆ ಕಾಯಿ ಮುಟ್ಟಬೇಡ. ಹುಲ್ಲಿನೊಳಗೆ ಕೈ ಇಡು. ಬೆಚ್ಚಗಿದ್ದರೆ ಒಳಗೆ ಕೆಲಸ ನಡೀತಿದೆ. ಆಮೇಲೆ ತೊಟ್ಟಿನ ಹತ್ತಿರ ಮೂಗು ಇಡು."

"ಆಮೇಲೆ?"

"ಆಮೇಲೆ ಕಾಯೋದು."

"ಕಾದರೂ ಗೊತ್ತಾಗದಿದ್ದರೆ?"

"ಇನ್ನೂ ಕಾಯೋದು."

"ಅಷ್ಟರಲ್ಲಿ ಕೊಳೆತರೆ?"

"ಒಂದು ಹಣ್ಣು ಹೋಯ್ತು ಅನ್ನು. ಒತ್ತಿದರೆ ಬುಟ್ಟಿನೇ ಹೋಗ್ತೈತೆ."

ಬಕ್ಕೇಶ ಕಲಿತ. ಇಲ್ಲ ಅನ್ನಬಾರದು, ಬೇಗ ಕಲಿತ. ಬಾಗಿಲಲ್ಲಿ ನಿಂತು ಮೂಗಿನಲ್ಲೇ ಹೇಳುವಷ್ಟಾದ: ಆ ಮೂಲೆಯದು ನಾಳೆಗೆ, ಈ ಮೂಲೆಯದು ನಾಡಿದ್ದಿಗೆ ಅಂತ. ಹೊಳೆಯಾಚೆಯ ಊರಿನ ತೋಟದವರೂ ಬಂದು ಅವನನ್ನು ಕೇಳುತ್ತಿದ್ದರು. ಹೊಗಳಿಕೆ ತಲೆಗೆ ಹತ್ತಲು ಹೊತ್ತು ಬೇಕೇ?

ಮಾರನೇ ವರ್ಷ, ಶಿವರಾತ್ರಿ ಕಳೆದ ವಾರ, ಹರಿಗೋಲಿನಿಂದ ಒಬ್ಬ ಹೆಂಗಸು ಇಳಿದಳು. ಮೂವತ್ತರ ಆಜುಬಾಜು. ಕಂಕುಳಲ್ಲಿ ಒಂದು ಬಟ್ಟೆಗಂಟು. ಹಣೆಯ ಮೇಲೆ ಕುಂಕುಮವಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ.

ಇಷ್ಟಿದ್ದರೆ ಜನಕ್ಕೆ ಇನ್ನೇನು ಬೇಕು? ನಾಟಕ ಕಂಪನಿಯ ಹಾರ್ಮೋನಿಯಂನವನ ಜೊತೆ ಓಡಿಹೋಗಿದ್ದಳಂತೆ ಅಂದರು ಒಬ್ಬರು. ಅಯ್ಯೋ, ಗಂಡನ ಅನ್ನಕ್ಕೆ ಏನೋ ಬೆರೆಸಿಟ್ಟು ಬಂದಳಂತೆ ಅಂದರು ಇನ್ನೊಬ್ಬರು. ಆ ಗಂಡ ಅದೇ ಹೊತ್ತಿನಲ್ಲಿ ಎರಡನೇ ಹೆಂಡತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುತ್ತಿದ್ದ. ಸತ್ತವನು ಸಂತೆ ಮಾಡುತ್ತಾನಾ ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಮಾತಿನ ರುಚಿ ಕೆಡುತ್ತದಲ್ಲ.

ಅಜ್ಜ ಕೇಳಿದ್ದು ಎರಡೇ ಮಾತು.

"ಏನು ಬೇಕವ್ವ?"

"ಇಲ್ಲಿ ಇರಬೇಕು ಅಜ್ಜಾರೇ."

"ಅಂಗಳ ಗುಡಿಸ್ತೀಯಾ?"

"ಗುಡಿಸ್ತೀನಿ."

"ಇರು."

ಹೆಸರೂ ಕೇಳಲಿಲ್ಲ ಮುದುಕ! ಹೆಸರು ಕೇಳಿದವಳು ದಾನಮ್ಮ. ಹಂಪವ್ವ ಅಂತ ತಿಳಿಯಿತು. ದಾನಮ್ಮ ಹೆಸರಿಗೇ ನಿಲ್ಲುವವಳಲ್ಲ. ಅವಳ ಹತ್ತಿರ ಗುಟ್ಟು ಹೇಳುವುದೂ ಒಂದೇ, ಬೀದಿಯಲ್ಲಿ ಹಲಗೆ ಬಾರಿಸುವುದೂ ಒಂದೇ.

ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತ ಮೆಲ್ಲಗೆ ಶುರು ಮಾಡಿದಳು.

"ಗಂಡ ಹೊಡೀತಿದ್ದನೇನೇ ಹಂಪೀ?"

"ಇಲ್ಲಕ್ಕ. ಇನ್ನೊಬ್ಬಳನ್ನ ತಂದ. ನನಗೆ ದನದ ಕೊಟ್ಟಿಗೆ ತೋರಿಸಿದ."

"ತವರಿಗೆ ಹೋಗಬಾರದಿತ್ತಾ?"

"ಹೋದೆ. ಅವ್ವ ಹೊಸ್ತಿಲು ದಾಟಿಸಲಿಲ್ಲ. ಗಂಡನ ಮನೆ ಬಿಟ್ಟವಳು ನನ್ನ ಹೆಣಕ್ಕೂ ಬರಬೇಡ ಅಂದಳು."

ರೊಟ್ಟಿ ತಟ್ಟುತ್ತಿದ್ದ ದಾನಮ್ಮನ ಕೈ ನಿಂತಿತು.

"ಹಂಗಂದಳಾ ಹೆತ್ತವಳು?"

"ಸಿಟ್ಟಲ್ಲಿ ಅಂದಳು. ಬಿಡಕ್ಕ." ಹಂಪವ್ವ ಒಲೆಗೆ ಸೌದೆ ನೂಕಿದಳು. "ಇಲ್ಲಿ ಯಾರೂ ಏನೂ ಕೇಳಲ್ಲ. ಬಂದಾಗಿನಿಂದ ನಿದ್ದೆ ಬರ್ತೈತೆ."

"ಯಾರೂ ಕೇಳಲ್ಲ ಅಂತೀಯಲ್ಲ, ನಾನೇ ಕೇಳ್ತಿದೀನಲ್ಲೇ!"

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಹಂಪವ್ವ ಕೇಳಿದಳು:

"ಕಾರಹುಣ್ಣಿಮೆಗೆ ಅಜ್ಜಾರು ನನಗೂ ಹಣ್ಣು ಕೊಡ್ತಾರಾ ಅಕ್ಕ?"

"ಕೊಡದಿದ್ದರೆ ಏನು ಮಾಡ್ತೀ?"

"ಹೋಗೋಕೆ ಇನ್ನೊಂದು ಜಾಗ ಇಲ್ಲ. ಅದಕ್ಕೇ ಕೇಳಿದೆ."

ಆ ಮಾತೂ, ತಾಯಿಯ ಹೆಣದ ಮಾತೂ ಸಂಜೆಯೊಳಗೆ ಬಕ್ಕೇಶನ ಕಿವಿ ಮುಟ್ಟಿದವು. ಯಾರು ಮುಟ್ಟಿಸಿದರು ಅಂತ ಬೇರೆ ಹೇಳಬೇಕಾ?

ಮಾವು ಕೊಯ್ಲಿಗೆ ಬಂತು. ಅಡೆ ಹಾಕಿದ್ದಾಯಿತು. ಕಾರಹುಣ್ಣಿಮೆಗೆ ನಾಲ್ಕು ದಿನ ಇತ್ತು. ಬಕ್ಕೇಶ ಅಜ್ಜನ ಹತ್ತಿರ ಹೋದ.

"ಈ ಸಲ ಹಂಪವ್ವಗೆ ಕೊಡ್ತೀರಾ ಅಜ್ಜಾರೇ?"

"ನಿನಗ್ಯಾಕೆ ಆ ಯೋಚನೆ?"

"ಮನಸ್ಸು ಗಟ್ಟಿ ಮಾಡ್ಕಂಡು ಬಂದವಳೋ, ದಿಕ್ಕಿಲ್ಲದೆ ಬಂದವಳೋ, ನೋಡಬೇಡವಾ?"

"ನೋಡು. ಕಣ್ಣು ಐತಲ್ಲ."

ಅಜ್ಜ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊಳೆಗಿಳಿದರು.

ಬಕ್ಕೇಶ ನೋಡಿದ. ಒಂದು ದಿನ ನೋಡಿದ, ಎರಡು ದಿನ ನೋಡಿದ. ಅವಳು ಗುಡಿಸುತ್ತಿದ್ದಳು. ಹಿಂದಿನ ದಿನವೂ ಗುಡಿಸಿದ್ದಳು, ನಾಳೆಯೂ ಗುಡಿಸುವವಳೇ. ಅದರಲ್ಲಿ ಅವನಿಗೆ ಏನೂ ಕಾಣಲಿಲ್ಲ.

ಬುದ್ಧಿವಂತನಿಗೆ ಸುಮ್ಮನೆ ನೋಡಿಕೊಂಡಿರುವುದು ಕಷ್ಟ. ಬಕೆಟ್ಟು ನೆನಪಾಯಿತು ಅವನಿಗೆ. ಒತ್ತಬಾರದು, ಸರಿ. ಬೈಯಬಾರದು, ಕೆದಕಬಾರದು, ಅದೂ ಸರಿ. ನೀರಿಗೆ ಬಿಟ್ಟು ನೋಡಬಹುದಲ್ಲ? ನೀರಿನಿಂದ ಹಣ್ಣಿಗೆ ಏನಾಗುತ್ತದೆ?

ಮೂರನೇ ದಿನ ಬೆಳಿಗ್ಗೆ ಅಂಗಳಕ್ಕೆ ಬಂದ. ಅವಳು ಗುಡಿಸುತ್ತಿದ್ದಳು.

"ಹಂಪವ್ವ, ಹೊಳೆಯಾಚೆಯಿಂದ ಒಬ್ಬರು ಬಂದು ಹೇಳಿಹೋದರು. ನಿಮ್ಮವ್ವ ತೀರಿಕೊಂಡಳಂತೆ."

ಪೊರಕೆ ನಿಂತಿತು.

"ಯಾವಾಗ?"

"ನಿನ್ನೆ ಸಂಜೆ."

"ಮಣ್ಣು ಮಾಡಿದರಂತಾ?"

ಈ ಪ್ರಶ್ನೆ ಅವನು ಯೋಚಿಸಿಯೇ ಇರಲಿಲ್ಲ.

"ಗೊತ್ತಿಲ್ಲ."

ಅವಳು ಉಳಿದಷ್ಟು ಜಾಗ ಗುಡಿಸಿದಳು. ಕಸವನ್ನು ಬುಟ್ಟಿಗೆ ತುಂಬಿ, ತಿಪ್ಪೆಗೆ ಸುರಿದು ಬಂದಳು. ಪೊರಕೆಯನ್ನು ಮೂಲೆಗೆ ಒರಗಿಸಿದಳು.

"ಸೂತಕದ ದಿನಗಳು ಮುಗಿಯೋವರೆಗೂ ಅಲ್ಲೇ ಇರಬೇಕಾಗ್ತೈತೆ. ಕಾರಹುಣ್ಣಿಮೆಗೆ ಬರೋಕಾಗಲ್ಲ ಅಂತ ಅಜ್ಜಾರಿಗೆ ಹೇಳಿಬಿಡಣ್ಣ."

"ನಿನ್ನನ್ನ ಹೆಣಕ್ಕೂ ಬರಬೇಡ ಅಂದಿದ್ದಳಲ್ಲ?"

ಅದು ಅವನಿಗೆ ಹೇಗೆ ಗೊತ್ತು ಅಂತ ಅವಳು ಕೇಳಲಿಲ್ಲ.

"ಬದುಕಿದ್ದವಳ ಮಾತು ಅದು," ಅಂದಳು. ಹೊರಟಳು.

ಬಕ್ಕೇಶ ಅಂಗಳದ ನಡುವೆ ನಿಂತು ಲೆಕ್ಕ ಹಾಕಿದ. ಅಳಲಿಲ್ಲ, ಹಾಗಾದರೆ ಮುಳುಗಿದಳು. ಎದ್ದು ಹೋದಳು, ಹಾಗಾದರೆ ತೇಲಿದಳು. ಯಾವುದು? ಅವನ ಲೆಕ್ಕ ಮುಗಿಯುವಷ್ಟರಲ್ಲಿ ಅವಳು ಹರಿಗೋಲು ಹತ್ತಿ ಆಗಿತ್ತು.

ಓಡಿದ. ದಂಡೆಯಲ್ಲಿ ನಿಂತು ಎರಡೂ ಕೈ ಎತ್ತಿ ಕೂಗಿದ. ಹೊಳೆಯ ಸದ್ದಿನಲ್ಲಿ ಏನು ಕೇಳಿಸೀತು? ನಡುನೀರಿನಲ್ಲಿ ಅವಳು ತಿರುಗಿ ನೋಡಿದಳು. ಬೀಳ್ಕೊಡಲು ಬಂದಿದ್ದಾನೆ ಅಂದುಕೊಂಡು ಕೈ ಮುಗಿದಳು.

ಮಧ್ಯಾಹ್ನ ಅಜ್ಜ ಕೇಳಿದರು:

"ಹಂಪವ್ವ ಎಲ್ಲಿ? ಊಟಕ್ಕೆ ಬರಲಿಲ್ಲ."

ಬಕ್ಕೇಶ ಹೇಳಿದ. ಮೊದಲು ಸುತ್ತಿ ಬಳಸಿ, ಆಮೇಲೆ ನೆಟ್ಟಗೆ.

"ಸುಳ್ಳು ಹೇಳಿದೆಯಾ?"

"ಪರೀಕ್ಷೆ ಅಜ್ಜಾರೇ."

"ಸುಳ್ಳು ಹೇಳಿದೆಯಾ?"

"ಹೂಂ."

ಅಜ್ಜ ಅನ್ನದ ಮೇಲಿದ್ದ ಕೈ ತೆಗೆದರು.

"ನಾನು ಒತ್ತಿಲ್ಲ ಅಜ್ಜಾರೇ. ಒಂದು ಬಿರುಸು ಮಾತಾಡಿಲ್ಲ. ನೀವೇ ಕಲಿಸಿದ್ದು. ನೀರಿಗೆ ಬಿಟ್ಟು ನೋಡಿದೆ, ಅಷ್ಟೇ."

"ಬಿಟ್ಟ ಹಣ್ಣನ್ನು ಎತ್ತಿ ಒರೆಸಿ ಇಡ್ತೀವಿ. ಅವಳನ್ನ ಎತ್ತಿದೆಯಾ?"

ಬಕ್ಕೇಶ ಹೊಳೆಯ ಕಡೆ ನೋಡಿದ.

"ಅವಳೂರು ಮುಟ್ಟೋಕೆ ಎಷ್ಟು ಹೊತ್ತು ಬೇಕು?"

"ಬಸ್ಸು ಸಿಕ್ಕರೂ ಸಂಜೆ ಆಗ್ತೈತೆ."

"ಹಂಗಾದರೆ ಈಗಲೂ ನೀರಲ್ಲೇ ಇದಾಳೆ. ಹೋಗು."

ಅಜ್ಜ ಬೈಯುತ್ತಾರೆ, ಕೇಳೋಣ ಅಂತ ದಾನಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಬೈಯಲಿಲ್ಲ. ಅಜ್ಜ ಅವಳ ಕಡೆ ಒಂದು ಸಲ ನೋಡಿದರು ಅಷ್ಟೇ. ಅವಳ ಬಾಯಿ ಆವತ್ತು ದೀಪ ಹಚ್ಚುವವರೆಗೂ ಮುಚ್ಚಿತ್ತು. ದಾನಮ್ಮನ ಮಟ್ಟಿಗೆ ಅದು ಒಂದು ತಿಂಗಳ ಉಪವಾಸ.

ಬಕ್ಕೇಶ ಹೊಳೆ ದಾಟುವಷ್ಟರಲ್ಲಿ ಆ ದಿನದ ಬಸ್ಸು ಹೋಗಿತ್ತು. ಮಾರನೇ ದಿನ ಹೊರಟ. ಅವಳೂರ ಕ್ರಾಸಿನಲ್ಲಿ ಇಳಿದವನು, ರಸ್ತೆ ಬದಿಯ ಖಾನಾವಳಿಯನ್ನು ಕಣ್ಣೆತ್ತಿಯೂ ನೋಡದೆ, ಒಂದೇ ಉಸಿರಿಗೆ ಊರ ಕಡೆ ನಡೆದ.

ಊರು ನಗುತ್ತಿತ್ತು.

ಅಗಸೆ ಬಾಗಿಲಲ್ಲಿ ಕೂತ ಮುದುಕರು ಒಬ್ಬರ ಮಾತು ಒಬ್ಬರು ಕಿತ್ತುಕೊಂಡು ಹೇಳಿದರು. ಹಂಪವ್ವ ಬಾಯಿ ಬಾಯಿ ಬಡಿದುಕೊಳ್ಳುತ್ತ ಬಂದಳಂತೆ. ಅವಳ ಹಿಂದೆ ಓಣಿಯ ಹೆಂಗಸರೂ ಅಳುತ್ತ ಸೇರಿದರಂತೆ. ಸತ್ತವರು ಯಾರು ಅಂತ ಗೊತ್ತಿಲ್ಲದೆಯೂ ಅತ್ತರಂತೆ! ಮನೆ ಮುಂದೆ ಹೋಗಿ ನೋಡಿದರೆ ತಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ.

"ಆಮೇಲೆ?"

"ಆಮೇಲೇನು, ಮುದುಕಿ ಮೊರ ಕೆಳಗಿಟ್ಟಳು. ಬದುಕಿರೋಳಿಗೆ ಅಳೋಕೆ ಬಂದೆಯೇನೇ, ಇಷ್ಟು ಅವಸರವಾ ನಿನಗೆ ಅಂದಳು. ಬಾಗಿಲು ಹಾಕ್ಕಂಡಳು. ಯಾವ ಕಂಪನಿ ನಾಟಕದಲ್ಲೂ ಇಂಥದ್ದು ನೋಡಿರಲಿಲ್ಲ ನಾವು!"

"ಅವಳೆಲ್ಲಿ ಈಗ?"

"ಕ್ರಾಸಿನ ಖಾನಾವಳಿಯಲ್ಲಿ ರೊಟ್ಟಿ ತಟ್ಟೋಕೆ ಸೇರ್ಕಂಡಿದಾಳಂತೆ. ನೀನು ಅದರ ಮುಂದೇ ಬಂದಿರಬೇಕಲ್ಲಪ್ಪ."

ಬಂದ ದಾರಿಯಲ್ಲೇ ತಿರುಗಿ ನಡೆದ. ಹಂಪವ್ವ ಹೊಗೆಯೊಳಗೆ ಕೂತಿದ್ದಳು. ಅವನನ್ನು ಕಂಡು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟಿ ಮುಗಿಸಿ, ಹೆಂಚಿಗೆ ಹಾಕಿ, ಆಮೇಲೆ ಎದ್ದಳು.

"ಯಾರೂ ಬಂದಿರಲಿಲ್ಲ ಹಂಪವ್ವ. ನಾನೇ ಹೇಳಿದ್ದು. ನಿನ್ನ ಮನಸ್ಸು ನೋಡೋಕೆ."

"ಗೊತ್ತಾಯ್ತಣ್ಣ. ಅವ್ವ ಜೋಳ ಹಸನು ಮಾಡ್ತಿದ್ದಳಲ್ಲ, ಆವಾಗಲೇ ಗೊತ್ತಾಯ್ತು."

"ತಪ್ಪಾಯ್ತು. ಬಾ. ನಾಳೆ ಕಾರಹುಣ್ಣಿಮೆ. ಅಜ್ಜಾರು ಕರ್ಕಂಡು ಬಾ ಅಂದಿದಾರೆ."

"ನಿಜವಾಗ್ಲೂ ಅಂದರಾ?"

"ನಿಜವಾಗ್ಲೂ."

ಅಜ್ಜ ಅಂದಿದ್ದು "ಹೋಗು" ಅಂತ ಮಾತ್ರ. ನೋಡಿ, ತಪ್ಪೊಪ್ಪಿಕೊಳ್ಳಲು ಹೋದವನು ಅಲ್ಲೂ ಒಂದು ಚೂರು ಸೇರಿಸಿದ.

ಹಂಪವ್ವ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದೇ ನೋಡಣ್ಣ," ಅಂದಳು. "ಮೊನ್ನೆವರೆಗೂ ನೀನು ಹೇಳಿದರೆ ಕೇಳ್ತಿದ್ದೆ. ಈಗ ಮೊದಲು ಮುಖ ನೋಡ್ತೀನಿ, ಆಮೇಲೆ ಮಾತು ಕೇಳ್ತೀನಿ. ಅಲ್ಲಿಗೆ ಬಂದು ಎಲ್ಲರ ಮುಖ ನೋಡ್ಕಂತ ಕೂತರೆ ನನಗೆ ನಿದ್ದೆ ಬರ್ತೈತಾ?"

"ಸಿಟ್ಟು ಐತಾ ನಿನಗೆ?"

"ಇಲ್ಲ. ಅವ್ವನ ಮುಖ ನೋಡಿದಂಗಾಯ್ತು." ರೊಟ್ಟಿ ತಿರುವಿ ಹಾಕಿದಳು. "ಬಾಗಿಲು ಹಾಕೋ ಮುಂಚೆ."

ಅವನಿಗೆ ಎಲೆ ಹಾಕಿದಳು. ಎರಡು ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಇನ್ನೊಂದು ಹಾಕಲಾ ಅಂತ ಮನೆಯವಳ ಹಾಗೆ ಕೇಳಿದಳು. ಬಕ್ಕೇಶ ಕೈ ತೊಳೆದು ಒಬ್ಬನೇ ಬಸ್ಸು ಹತ್ತಿದ.

ಮಾರನೇ ದಿನ ಅಜ್ಜ ಆ ವರ್ಷ ಬಂದಿದ್ದ ಬೇರೆ ಇಬ್ಬರಿಗೆ ಹಣ್ಣು ಕೊಟ್ಟರು. ಮೂರನೆಯದೊಂದು ಬುಟ್ಟಿಯಲ್ಲಿ ಉಳಿಯಿತು. ಅದನ್ನು ಯಾರೂ ತಿನ್ನಲಿಲ್ಲ. ಎಂಟು ದಿನಕ್ಕೆ ಅದರ ರಸ ಸೋರಿ ಇರುವೆ ಹತ್ತಿತು. ಬಕ್ಕೇಶನೇ ಅದನ್ನು ಮರದ ಬುಡಕ್ಕೆ ಒಯ್ದು ಹಾಕಿದ.

ಹಾಕಿ ಬಂದು ಅಜ್ಜನ ಮುಂದೆ ಕೂತ.

"ಒಂದು ಮಾತು ಕೇಳ್ತೀನಿ ಅಜ್ಜಾರೇ. ಅವಳು ಬಲಿತಿದ್ದಳಾ?"

"ನಾಲ್ಕು ತಿಂಗಳು ಅಂಗಳ ಗುಡಿಸಿದಳು. ಒಂದು ದಿನ ನಿನ್ನ ಕಾಲಿಗೆ ಮುಳ್ಳು ಚುಚ್ಚಿತಾ?"

"ಇಲ್ಲ."

"ಇನ್ನೇನು ನೋಡಬೇಕಿತ್ತು ನಿನಗೆ?"

ಬಕ್ಕೇಶನ ಕಣ್ಣಲ್ಲಿ ನೀರು ಬಂತು. ಅಳುವಿನಲ್ಲೂ ಸುಮ್ಮನಿರುವ ಜಾತಿಯಲ್ಲ ಅವನು.

"ನಿಮಗೆ ಗೊತ್ತಿತ್ತಲ್ಲ. ಮತ್ತೆ ಅವತ್ತೇ ಯಾಕೆ ಹಣ್ಣು ಕೊಡಲಿಲ್ಲ? ಯಾಕೆ ಕಾಯಿಸಿದಿರಿ?"

ಅಡಿಗೆಮನೆಯಲ್ಲಿ ದಾನಮ್ಮನ ಸೌಟಿನ ಸದ್ದು ನಿಂತಿತು. ಅಜ್ಜನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ.

ಅಜ್ಜ ತಮ್ಮ ಅಂಗೈ ನೋಡಿಕೊಂಡರು.

"ಕಾರಹುಣ್ಣಿಮೆ ಬರಲಿ ಅಂತ ಇದ್ದೆ," ಅಂದರು. "ಕಟ್ಟಳೆ ಅಂತ."

ಅಂಗೈ ಮಡಚಿ ಮತ್ತೆ ಅಂದರು: "ಮುರೀಬಹುದಿತ್ತು."

ಅದಾದ ಮೇಲೆ ಆಶ್ರಮದಲ್ಲಿ ಅಂಗಳ ಗುಡಿಸುವವನು ಬಕ್ಕೇಶ. ಯಾರೂ ಹೇಳಲಿಲ್ಲ, ತಾನಾಗಿಯೇ ಪೊರಕೆ ಹಿಡಿದ. ಮೊದಮೊದಲು ಮೂಲೆ ಬಿಡುತ್ತಿದ್ದ. ದಾನಮ್ಮ ಆಡಿಕೊಂಡಳು. ಆಮೇಲೆ ಆಡಿಕೊಳ್ಳಲು ಏನೂ ಉಳಿಸಲಿಲ್ಲ.

ಮಳೆಗಾಲ ಮುಗಿದು ಹೊಳೆ ಇಳಿದಿತ್ತು. ಹರಿಗೋಲಿನಿಂದ ನಡುವಯಸ್ಸಿನ ಒಬ್ಬ ನೇಕಾರ ಇಳಿದ. ಹೆಗಲ ಮೇಲೆ ಒಂದು ಕಂಬಳಿ, ಕೈಯಲ್ಲಿ ಒಂದು ಬುತ್ತಿ. ಯಾಕೆ ಬಂದೆ, ಏನು ಬಿಟ್ಟು ಬಂದೆ ಅಂತ ಬಕ್ಕೇಶ ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟು ಕೂರಿಸಿದ.

ಯಾರನ್ನೂ ಏನೂ ಕೇಳದ ಅಜ್ಜ ಅವತ್ತು ಬುತ್ತಿ ನೋಡಿ ಕೇಳಿದರು:

"ರೊಟ್ಟಿ ಯಾರು ಕಟ್ಟಿಕೊಟ್ಟರಪ್ಪ?"

"ಕ್ರಾಸಿನ ಖಾನಾವಳಿಯಲ್ಲಿ ಒಬ್ಬ ಹೆಣ್ಣುಮಗಳು ಅಜ್ಜಾರೇ. ಇರೋಕೆ ಒಂದು ಜಾಗ ಬೇಕು ಅಂದೆ. ಇಲ್ಲಿಯ ದಾರಿ ಹೇಳಿದಳು. ಎಲ್ಲಿ ಇಳೀಬೇಕು, ಯಾವ ಜಾಲಿಮರದ ಹತ್ತಿರ ತಿರುಗಬೇಕು, ಹರಿಗೋಲು ಎಷ್ಟೊತ್ತಿಗೆ ಬರ್ತೈತೆ, ಒಂದೂ ಬಿಡದಂಗೆ ಹೇಳಿದಳು."

"ಇನ್ನೇನಂದಳು?"

"ಒಳ್ಳೆ ಜನ, ಧೈರ್ಯವಾಗಿ ಹೋಗು ಅಂದಳು."

ಪೊರಕೆ ಬಿಸಾಡಿ ಬಕ್ಕೇಶ ಓಡಿ ಬಂದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು.

"ಕೇಳಿದ್ರಾ ಅಜ್ಜಾರೇ! ಒಳ್ಳೆ ಜನ ಅಂದಳಂತೆ! ನಮ್ಮನ್ನ ಮರೆತಿಲ್ಲ ಅವಳು. ಒಂದು ಜಾಲಿಮರ ಸುದ್ದಾ ಮರೆತಿಲ್ಲ!"

ಅಜ್ಜ ಹೊಳೆಯ ಆಚೆ ದಂಡೆ ನೋಡುತ್ತಿದ್ದರು.

"ಹೌದಪ್ಪ. ದಾರಿ ಗೊತ್ತಿದ್ದೂ ಬರಲಿಲ್ಲ."